ಗಾಡಿ ಮಾತು: ಗೇರ್‌ಬಾಕ್ಸ್ ಇಳಿಸೋ ಮುಂಚೆ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಒಂದು ಹೋಂಸ್ಟೇ. ಗೆಸ್ಟ್‌ಗಳನ್ನು ಓಡಾಡಿಸೋಕೆ 2016ರ ಇನ್ನೋವಾ ಕ್ರಿಸ್ಟಾ ಇದೆ, ಡೀಸೆಲ್, ಆಟೋಮ್ಯಾಟಿಕ್. 1,92,000 ಕಿ.ಮೀ. ಆಗಿದೆ. ಮೂರು ತಿಂಗಳಿಂದ ಬೆಳಿಗ್ಗೆ ಡಿ (ಡ್ರೈವ್) ಹಾಕಿದರೆ ಎರಡು ಸೆಕೆಂಡ್ ಸುಮ್ನೆ ಇದ್ದು ಆಮೇಲೆ ಧಡ್ ಅಂತ ಹಿಡಿಯುತ್ತದೆ. 60-70ರಲ್ಲಿ ಹೋಗುವಾಗ ಒಂಥರಾ ನಡುಕ. ಚಾರ್ಮಾಡಿ ಹತ್ತುವಾಗ ಒಮ್ಮೊಮ್ಮೆ ಪಿಕಪ್ ಇಲ್ಲ. ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡದೆ 'ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು, ಒಂದೂವರೆ ಲಕ್ಷ ಆಗುತ್ತೆ' ಅಂದರು. ಗೇರ್‌ಬಾಕ್ಸ್ ಆಯಿಲ್ ಇದುವರೆಗೂ ಬದಲಿಸಿಲ್ಲ, ಲೈಫ್‌ಟೈಮ್ ಆಯಿಲ್ ಅಂತ ಯಾರೋ ಹೇಳಿದ್ದರು. ಏನು ಮಾಡೋದು?
(ಮೂಡಿಗೆರೆ ಕಡೆಯ ಓದುಗರು)

ಉತ್ತರ: ಸದ್ಯಕ್ಕೆ ಇಳಿಸಬೇಡಿ.

ನೀವು ಹೇಳಿರೋದು ಮೂರು ತೊಂದರೆ. ಗ್ಯಾರೇಜಿನವರು ಮೂರನ್ನೂ ಒಂದೇ ಗಂಟು ಕಟ್ಟಿ ಗೇರ್‌ಬಾಕ್ಸ್ ತಲೆಗೆ ಕಟ್ಟಿದ್ದಾರೆ. ಹೌದೋ ಅಲ್ಲವೋ ಆಮೇಲೆ ನೋಡೋಣ, ಮೊದಲು ಗಂಟು ಬಿಚ್ಚೋಣ.

ಧಡ್ ಅನ್ನೋದರಿಂದ ಶುರು ಮಾಡೋಣ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ನಿಮ್ಮ ಕಡೆ ಮಟ್ಟಸವಾದ ಅಂಗಳ ಇರೋ ಮನೆ ಕಡಿಮೆ, ಇಳಿಜಾರಲ್ಲೇ ನಿಲ್ಲಿಸುತ್ತೀರಿ ಅಂದುಕೊಂಡಿದ್ದೇನೆ. ಪಿ (ಪಾರ್ಕಿಂಗ್) ಹಾಕಿದಾಗ ಗೇರ್‌ಬಾಕ್ಸ್ ಒಳಗಿನ ಒಂದು ಹಲ್ಲಿನ ಚಕ್ರಕ್ಕೆ ಸಣ್ಣ ಕೊಂಡಿಯೊಂದು ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಹ್ಯಾಂಡ್‌ಬ್ರೇಕ್ ಹಾಕದೆ ಪಿ ಒಂದನ್ನೇ ನಂಬಿದರೆ ಎರಡು ಟನ್‌ಗೆ ಹತ್ತಿರದ ಗಾಡಿ ರಾತ್ರಿಯಿಡೀ ಆ ಕೊಂಡಿಗೆ ಜೋತು ಬಿದ್ದಿರುತ್ತದೆ, ಬೆಳಿಗ್ಗೆ ಲಿವರ್ ಎಳೆದಾಗ ಅದು ಬಿಡಿಸಿಕೊಳ್ಳೋ ಸದ್ದೇ ಧಡ್. ಇವತ್ತು ರಾತ್ರಿ ಹೀಗೆ ಮಾಡಿ: ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಬ್ರೇಕ್ ನಿಧಾನಕ್ಕೆ ಬಿಟ್ಟು ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ. ಆಮೇಲೆ ಪಿ. ಬೆಳಿಗ್ಗೆ ಸದ್ದು ಹೋದರೆ ಅದು ಕಾಯಿಲೆಯೇ ಅಲ್ಲ.

ಮಟ್ಟಸ ಜಾಗದಲ್ಲೂ ಸದ್ದು ಬಂತು ಅಂದರೆ ಗಾಡಿ ಕೆಳಗೆ ಮಲಗಿ. ಕ್ರಿಸ್ಟಾದಲ್ಲಿ ಹಿಂದಿನ ಚಕ್ರಕ್ಕೆ ಡ್ರೈವ್, ಹಾಗಾಗಿ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ಶಾಫ್ಟನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ. ಯುಜೆ ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಹತ್ತಿರ ಕಟಕ್ ಅಂದರೆ ಕ್ರಾಸ್ ಸವೆದಿದೆ. ಜೊತೆಗೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್ ರಬ್ಬರ್ ನೋಡಿ. ಎಸ್ಟೇಟ್ ರಸ್ತೆಯಲ್ಲಿ 1.92 ಲಕ್ಷ ಕಿ.ಮೀ. ಕುಲುಕಿದ ರಬ್ಬರ್ ಇನ್ನೂ ಚೆನ್ನಾಗಿದ್ದರೆ ನನಗೇ ಆಶ್ಚರ್ಯ.

ಆ ಎರಡು ಸೆಕೆಂಡ್ ತಡ ಮಾತ್ರ ಬೇರೆ ವಿಷಯ. ಅದು ಗೇರ್‌ಬಾಕ್ಸ್‌ದೇ. ಡಿ ಹಾಕಿದ ಕೂಡಲೇ ಪಂಪ್ ಆಯಿಲನ್ನು ಒತ್ತಿ ಕ್ಲಚ್ ಪ್ಲೇಟುಗಳನ್ನು ಹಿಡಿಸಬೇಕು. ಥಂಡಿಯಲ್ಲಿ ಒಂದು ಸೆಕೆಂಡ್ ಆದರೆ ಪರವಾಗಿಲ್ಲ. ಎರಡಾಯಿತು ಅಂದರೆ ಆಯಿಲ್ ಕಮ್ಮಿ ಇದೆ, ಇಲ್ಲವೇ ಒಳಗಿನ ಸೀಲ್‌ಗಳು ಗಟ್ಟಿಯಾಗಿವೆ. ಮೊದಲನೆಯದು ಅಗ್ಗ, ಅದನ್ನೇ ಮೊದಲು ನೋಡಬೇಕು, ಅಲ್ವಾ?

ಇನ್ನು 60-70ರ ನಡುಕ. ಇದಕ್ಕೊಂದು ಪರೀಕ್ಷೆ ಇದೆ, ಕಾಸು ಖರ್ಚಿಲ್ಲ. ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ ಎಕ್ಸಲೇಟರ್ ಹಗುರವಾಗಿ ಒತ್ತಿಕೊಂಡು ಹೋಗಿ. ನಡುಕ ಶುರುವಾದಾಗ ಎಕ್ಸಲೇಟರ್ ಹಾಗೇ ಇರಲಿ, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿ, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಆ ಕ್ಷಣವೇ ನಡುಕ ನಿಂತರೆ ಅದು ಟಾರ್ಕ್ ಕನ್ವರ್ಟರ್ ಲಾಕಪ್ ಕ್ಲಚ್ಚಿನ ನಡುಕ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಈ ಕನ್ವರ್ಟರ್ ಒಳಗಿನ ಆಯಿಲಿನ ಮೂಲಕವೇ ಶಕ್ತಿ ದಾಟುವ ಗಾಡಿ ಇದು. ಒಂದು ವೇಗ ಬಂದಮೇಲೆ ಲಾಕಪ್ ಕ್ಲಚ್ ಎರಡನ್ನೂ ಗಟ್ಟಿಯಾಗಿ ಜೋಡಿಸುತ್ತದೆ, ಬ್ರೇಕ್ ಮುಟ್ಟಿದರೆ ಬಿಟ್ಟುಬಿಡುತ್ತದೆ. ಆಯಿಲ್ ಹಳೆಯದಾದರೆ ಈ ಕ್ಲಚ್ ನಯವಾಗಿ ಹಿಡಿಯದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಒಳಗೆ ಕೂತವರಿಗೆ ರಸ್ತೆಯ ಸಣ್ಣ ಪಟ್ಟಿಗಳ ಮೇಲೆ ಹೋದಹಾಗೆ ಅನಿಸುತ್ತದೆ. ಎಷ್ಟೋ ಗಾಡಿಗಳಲ್ಲಿ ಇದು ಆಯಿಲ್ ಬದಲಿಸಿದರೆ ಹೋಗುತ್ತದೆ. ಬ್ರೇಕ್ ಮುಟ್ಟಿದರೂ ನಡುಕ ನಿಲ್ಲಲಿಲ್ಲವೋ, ಟೈರ್, ಬ್ಯಾಲೆನ್ಸಿಂಗ್, ಪ್ರೊಪೆಲ್ಲರ್ ಶಾಫ್ಟ್ ಕಡೆ ಹೋಗಿ.

ಚಾರ್ಮಾಡಿಯ ಪಿಕಪ್ ವಿಷಯಕ್ಕೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಆರ್‌ಪಿಎಂ ಮುಳ್ಳು ನೋಡೋದು ಅವರ ಕೆಲಸ. ಎಕ್ಸಲೇಟರ್ ಒತ್ತಿದಾಗ ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆರ್‌ಪಿಎಂ ಕೂಡ ಏಳದೆ ಇಂಜಿನ್ ಮುಕ್ಕರಿಯುತ್ತಿದ್ದರೆ ಗೇರ್‌ಬಾಕ್ಸ್ ಬೈಯಬೇಡಿ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೋ ಪೈಪು, ಇಜಿಆರ್ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸೋ ವಾಲ್ವ್) ನೋಡಿ. ಬ್ಲಾಕ್ ಆದ ಫಿಲ್ಟರ್ ಇಟ್ಟುಕೊಂಡು ಗೇರ್‌ಬಾಕ್ಸ್ ಬಿಚ್ಚಿಸಿದವರನ್ನು ನೋಡಿದ್ದೇನೆ. ಮೂರರಿಂದ ನಾಲ್ಕು, ನಾಲ್ಕರಿಂದ ಮೂರು ಅಂತ ಗೇರ್ ತಡಕಾಡುತ್ತಿದ್ದರೆ ಅದೂ ರೋಗವಲ್ಲ, ಏಳು ಜನ ಮತ್ತು ಲಗೇಜ್ ತುಂಬಿದ ಗಾಡಿಗೆ ಘಾಟಿ ತಿರುವಲ್ಲಿ ಅದು ಸಹಜ. ಲಿವರನ್ನು ಎಸ್ ಕಡೆಗೆ ಸರಿಸಿ ಮೂರರಲ್ಲಿ ಇಟ್ಟುಬಿಡಿ. ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗೋದೂ ಕಡಿಮೆಯಾಗುತ್ತದೆ.

ಈಗ ಆಯಿಲ್. ಲೈಫ್‌ಟೈಮ್ ಅಂದವರನ್ನು ಯಾರ ಆಯಸ್ಸು ಅಂತ ಕೇಳಬೇಕಿತ್ತು ನೀವು! ಘಾಟಿ ಹತ್ತಿ ಇಳಿಯೋದೇ ಕೆಲಸವಾದ ಗಾಡಿಗೆ 60-80 ಸಾವಿರ ಕಿ.ಮೀ.ಗೆ ಒಮ್ಮೆ ಬದಲಿಸಬೇಕು ಅನ್ನೋದು ನನ್ನ ಲೆಕ್ಕ. ಹೊಸ ಆಯಿಲ್ ಮುರುಗಲು ಷರಬತ್ತಿನ ಹಾಗೆ ಕೆಂಪಗಿರುತ್ತದೆ. ಓಡಿದಂತೆ ಕಂದು ಆಗುತ್ತದೆ, ಅದಕ್ಕೆ ಹೆದರಬೇಡಿ. ಡಿಕಾಕ್ಷನ್ ತರಹ ಕಪ್ಪಗಾಗಿ ತಳ ಹಿಡಿದ ಪಾತ್ರೆಯ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ರೋಸ್ ಮಿಲ್ಕ್ ಬಣ್ಣ ಕಂಡರೆ ನೀರು ಸೇರಿದೆ, ಅವತ್ತೇ ಗಾಡಿ ನಿಲ್ಲಿಸಿ.

ನಿಮ್ಮ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಗಾಡಿಯನ್ನು ಮಟ್ಟಸವಾಗಿ ಎತ್ತಿ, ಇಂಜಿನ್ ಓಡುತ್ತಿರುವಾಗಲೇ, ಆಯಿಲ್ ಕಂಪನಿ ಹೇಳಿದ ಬಿಸಿಗೆ ಬಂದಾಗ ಕೆಳಗಿನ ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಲೆವೆಲ್ ಸರಿ. ಬಿಸಿ ಎಷ್ಟು ಅಂತ ಸ್ಕ್ಯಾನರ್‌ನಲ್ಲಿ ನೋಡುತ್ತಾರೆ, ಕೈ ಇಟ್ಟು ಅಂದಾಜು ಮಾಡುವವರ ಹತ್ತಿರ ಈ ಕೆಲಸ ಬೇಡ. ಜಾಸ್ತಿ ಹಾಕಿದರೂ ನೊರೆ ಬಂದು ಗೇರ್ ಜಾರುತ್ತದೆ.

ಬದಲಿಸುವಾಗ ಮಷಿನ್ ಹಾಕಿ ಫ್ಲಶ್ ಮಾಡಿಸಬೇಡಿ. ಡ್ರೈನ್ ಮಾಡಿ, ತುಂಬಿಸಿ. ಒಂದು ಸಲಕ್ಕೆ ಎಲ್ಲಾ ಬರಲ್ಲ, ಕನ್ವರ್ಟರ್ ಒಳಗೆ ತುಂಬಾ ಉಳಿದುಬಿಡುತ್ತದೆ. ಹಾಗಾಗಿ ಒಂದಿಷ್ಟು ಓಡಿಸಿ ಮತ್ತೆ, ಇನ್ನೊಮ್ಮೆ ಮತ್ತೆ. ಹೊಸ ಆಯಿಲ್ ಹಾಕಿದ್ದಕ್ಕೇ ಹಳೇ ಗೇರ್‌ಬಾಕ್ಸ್ ಹೋಯ್ತು ಅಂತ ಒಂದು ಮಾತಿದೆ. ಅದು ಬಹುತೇಕ ಮೊದಲೇ ಹೋಗುತ್ತಿದ್ದ ಗೇರ್‌ಬಾಕ್ಸ್. ಆಯಿಲ್ ಬದಲಿಸುವಾಗ ನೀವೂ ಅಲ್ಲೇ ನಿಂತಿರಿ, ಪ್ಯಾನ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಬಿಚ್ಚಿದಾಗ ಅದರಲ್ಲಿರೋ, ಲೋಹದ ಪುಡಿ ಹಿಡಿಯೋ ಮ್ಯಾಗ್ನೆಟ್ ತೋರಿಸಿ ಅನ್ನಿ. ಒದ್ದೆ ವಿಭೂತಿಯ ಹಾಗೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಅದು ವಯಸ್ಸಿನ ಸವೆತ. ಬೆರಳಲ್ಲಿ ಉಜ್ಜಿದಾಗ ರಾಗಿ ಕಾಳಿನಂಥ ಚೂರು, ಸೂಜಿಯಂಥ ಚೂರು ಸಿಕ್ಕರೆ ಗ್ಯಾರೇಜಿನವರು ಹೇಳಿದ್ದೇ ನಿಜ.

ಮೀಟರಲ್ಲಿ ಲೈಟ್ ಬಂದಿದೆಯಾ ಅಂತ ನೀವು ಬರೆದಿಲ್ಲ. ಬರದಿದ್ದರೂ ಒಮ್ಮೆ ಸ್ಕ್ಯಾನ್ ಮಾಡಿಸಿ. ಪಿ0700 ಅನ್ನೋ ಕೋಡ್ ಬಂದರೆ ಹೆದರಬೇಡಿ, ಗೇರ್‌ಬಾಕ್ಸ್ ಕಂಪ್ಯೂಟರಿಗೆ ಏನೋ ದೂರು ಇದೆ ಅಂತಷ್ಟೇ ಅದರ ಅರ್ಥ, ದೂರು ಏನು ಅಂತ ಮುಂದಿನ ಕೋಡ್ ಹೇಳಬೇಕು. ಪಿ0741 ಅಂದರೆ ಲಾಕಪ್ ಹಿಡಿಯುತ್ತಿಲ್ಲ. ಪಿ0730 ಅಂದರೆ ಗೇರ್ ಲೆಕ್ಕ ತಪ್ಪುತ್ತಿದೆ, ಅದು ಸ್ವಲ್ಪ ಭಾರದ ಸುದ್ದಿ.

ಪಿ0715, ಅಂದರೆ ಸ್ಪೀಡ್ ಸೆನ್ಸರಿನ ಕೋಡ್, ನನಗೇ ಬಂದಿತ್ತು. ಹಾಸನದಲ್ಲಿ, ಜೋರು ಮಳೆಗಾಲ, ನನ್ನ ಹಳೇ ಗಾಡಿ ಒಂದೇ ಗೇರಿಗೆ ಕಚ್ಚಿಕೊಂಡು ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಸರಿ, ಹತ್ತು ನಿಮಿಷಕ್ಕೆ ಮತ್ತೆ ಅದೇ ಕತೆ. ಗೇರ್‌ಬಾಕ್ಸ್ ಹೋಯಿತು ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೆಳಗೆ ಇಳಿದು ಟಾರ್ಚ್ ಬಿಟ್ಟು ನೋಡಿದರೆ ಸ್ಪೀಡ್ ಸೆನ್ಸರ್ ವೈರನ್ನು ಇಲಿ ಕಡಿದಿದೆ, ಗೇರ್‌ಬಾಕ್ಸ್ ಮೇಲೆ ಕಡ್ಲೆಕಾಯಿ ಸಿಪ್ಪೆಯ ರಾಶಿ. ಬೆಚ್ಚಗಿನ ಜಾಗ ನೋಡಿ, ಊಟಕ್ಕೆ ಕೂತಿತ್ತು. ನೀವೂ ಗಾಡಿಯನ್ನು ಕಾಫಿ ಗೋಡೌನ್ ಪಕ್ಕ ನಿಲ್ಲಿಸುತ್ತಿದ್ದರೆ ವೈರಿಂಗ್ ಮೇಲೆ ಒಂದು ಕಣ್ಣಿಡಿ. ಬ್ಯಾಟರಿ ಟರ್ಮಿನಲ್ ಹಸಿರುಗಟ್ಟಿದ್ದರೂ ಗೇರ್ ಹುಚ್ಚುಚ್ಚಾಗಿ ಆಡುವುದುಂಟು.

ಇಷ್ಟೆಲ್ಲಾ ಆದಮೇಲೂ ಜಾರುವುದು ನಿಲ್ಲದೆ, ಮ್ಯಾಗ್ನೆಟ್ ಮೇಲೆ ಚೂರು ಸಿಕ್ಕರೆ, ಆಗ ಇಳಿಸಲಿ. ಆದರೆ ಬರೀ ಪ್ಲೇಟ್ ಬದಲಿಸಿ ಮುಚ್ಚುವ ರಿಪೇರಿ ಬೇಡ. ಸೀಲ್ ಕಿಟ್ಟು, ಕನ್ವರ್ಟರು, ವಾಲ್ವ್ ಬಾಡಿ ಎಲ್ಲಾ ನೋಡಬೇಕು, ಕೂಲರ್ ಪೈಪ್ ತೊಳೆಯಬೇಕು. ಇಲ್ಲದಿದ್ದರೆ ಹಳೇ ಚೂರು ಹೊಸ ಗೇರ್‌ಬಾಕ್ಸಿಗೆ ಹೋಗಿ ಕೂರುತ್ತದೆ. ತೆಗೆದ ಪಾರ್ಟ್ಸ್ ನಿಮ್ಮ ಕೈಗೆ ಕೊಡಬೇಕು ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ: 2016ರ ಎರ್ಟಿಗಾ ಪೆಟ್ರೋಲ್ ಆಟೋಮ್ಯಾಟಿಕ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಓಡಿಸಿ ನೋಡಿದೆ, 90 ದಾಟಿದರೆ ಇಂಜಿನ್ ತುಂಬಾ ಕೂಗುತ್ತದೆ. ಗೇರ್ ಬೀಳುತ್ತಿಲ್ಲವಾ?
(ಅರಸೀಕೆರೆ ಓದುಗರು)

ಉತ್ತರ: ಬೀಳುತ್ತಿದೆ, ಇರೋದೇ ನಾಲ್ಕು ಗೇರು! ಎರ್ಟಿಗಾಗೆ ಆರು ಗೇರಿನ ಆಟೋಮ್ಯಾಟಿಕ್ ಬಂದದ್ದು 2022ರಲ್ಲಿ. ಆದ್ದರಿಂದ ಕೂಗು ಅದರ ಗುಣ, ದೋಷ ಅಲ್ಲ. ಇದು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್, ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್ಚು, ಗೇರನ್ನು ಗಾಡಿಯೇ ಹಾಕಿಕೊಳ್ಳುವ ಬಗೆ) ಅಲ್ಲ. ಎಎಂಟಿಯಲ್ಲಿ ಗೇರ್ ಬದಲಾಗುವಾಗ ಮುಂದಕ್ಕೆ ವಾಲಿದ ಹಾಗಾಗೋದು ಮಾಮೂಲು, ಇದರಲ್ಲಿ ಹಾಗಾದರೆ ಬೆಲೆ ಇಳಿಸಿ ಮಾತಾಡಿ. ಬೆಳಿಗ್ಗೆ ಬೇಗ ಹೋಗಿ, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಟ್ಟಿರಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಥಂಡಿ ಇಂಜಿನ್‌ನಲ್ಲಿ ಆರ್ ಮತ್ತು ಡಿ ಎಷ್ಟು ಬೇಗ ಹಿಡಿಯುತ್ತದೆ ಅನ್ನೋದೇ ಮುಖ್ಯ. ಆಮೇಲೆ ಅರ್ಧ ಗಂಟೆ ಓಡಿಸಿ ಅದನ್ನೇ ಮತ್ತೆ ನೋಡಿ. ಕೆಲವು ಗೇರ್‌ಬಾಕ್ಸ್ ಬಿಸಿಯಾದ ಮೇಲೇ ನಿಜ ಹೇಳುವುದು.

ಪ್ರಶ್ನೆ: ದೋಣಿಗಲ್ ಹತ್ತಿರ ನಮ್ಮ ಆಟೋಮ್ಯಾಟಿಕ್ ಗಾಡಿ ಕೆಟ್ಟಿತು. ನ್ಯೂಟ್ರಲ್ ಮಾಡಿ ಹಗ್ಗ ಕಟ್ಟಿ ಎಳೆದುಕೊಂಡು ಬಂದೆವು. ಈಗ ಹೊಸದಾಗಿ ಗೇರ್‌ಬಾಕ್ಸ್ ಸದ್ದು ಬರುತ್ತಿದೆ.
(ಸಕಲೇಶಪುರ ಓದುಗರು)

ಉತ್ತರ: ಎಳೆದದ್ದೇ ತಪ್ಪಾಗಿರಬಹುದು. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಪಂಪ್ ತಿರುಗಬೇಕಾದರೆ ಇಂಜಿನ್ ಓಡುತ್ತಿರಬೇಕು. ಇಂಜಿನ್ ಆಫ್ ಇದ್ದು ಚಕ್ರ ತಿರುಗಿದರೆ ಒಳಗಿನ ಬೇರಿಂಗು, ಗೇರು ಎಲ್ಲಾ ಆಯಿಲ್ ಇಲ್ಲದೆ ತಿರುಗುತ್ತವೆ. ಇನ್ನು ಓಡಿಸಬೇಡಿ, ಲಾರಿ ಮೇಲೆ ಹಾಕಿಕೊಂಡು ಹೋಗಿ ಪ್ಯಾನ್ ಬಿಚ್ಚಿಸಿ. ಮುಂದೆ ಹೀಗಾದರೆ ನಿಮ್ಮ ಗಾಡಿಯ ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಲಾರಿಯನ್ನೇ ಕರೆಸಿ. ಘಾಟಿಯಲ್ಲಿ ಕಾಯೋದು ಕಷ್ಟ, ಗೊತ್ತು, ಅದರಲ್ಲೂ ಮಳೆ ಹೊತ್ತಲ್ಲಿ. ಅಂದಹಾಗೆ, ತಳ್ಳಿ ಸ್ಟಾರ್ಟ್ ಮಾಡೋದೂ ಆಗಲ್ಲ ಇವುಗಳಲ್ಲಿ.

ಪ್ರಶ್ನೆ: ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದಾ?
(ಕಡೂರು ಓದುಗರು)

ಉತ್ತರ: ಇಲ್ಲ. ಗೇರಲ್ಲೇ ಎಕ್ಸಲೇಟರ್ ಬಿಟ್ಟು ಇಳಿದರೆ ಈಗಿನ ಇಂಜಿನ್‌ಗಳು ಡೀಸೆಲ್ ಕಟ್ ಮಾಡುತ್ತವೆ, ನ್ಯೂಟ್ರಲ್‌ನಲ್ಲಿ ಇಂಜಿನ್ ನಿಲ್ಲದ ಹಾಗೆ ನೋಡಿಕೊಳ್ಳೋಕೆ ಕುಡಿಯುತ್ತಲೇ ಇರುತ್ತವೆ. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಎರಡು ಅಥವಾ ಮೂರನೇ ಗೇರಲ್ಲಿ ಇಟ್ಟು ಬನ್ನಿ. ನ್ಯೂಟ್ರಲ್‌ನಲ್ಲಿ ಬಂದರೆ ಇಂಜಿನ್ ಹಿಡಿತ ಇರಲ್ಲ, ಭಾರವೆಲ್ಲಾ ಬ್ರೇಕ್ ಮೇಲೆ. ಕೆಳಗೆ ಚೆಕ್‌ಪೋಸ್ಟ್ ಹತ್ತಿರ ನಿಂತಾಗ ಚಕ್ರದಿಂದ ಸುಟ್ಟ ವಾಸನೆ ಬರುವ ಗಾಡಿಗಳೆಲ್ಲ ಹಾಗೆ ಇಳಿದು ಬಂದವೇ.