ಬ್ರೆಜಿಲ್‌ನಲ್ಲಿ ಅಷ್ಟು ಬಿಗಿಯಾದ ಕಾನೂನಿದ್ದೂ ಅಮೆಜಾನ್ ಕಾಡು ಕರಗುತ್ತಿರುವುದೇಕೆ? ಸರ್ಕಾರ ಮನಸ್ಸು ಮಾಡಿದರೆ ನಿಲ್ಲಿಸಬಹುದಾ?

ಕಾನೂನು ಬಿಗಿಯಾಗಿರುವುದು ನಿಜ. ಅಮೆಜಾನ್ ಕಾಡಿನೊಳಗೆ ಸ್ವಂತ ಜಮೀನು ಇದ್ದವರೂ ಅದರಲ್ಲಿ ಶೇ. 80ರಷ್ಟನ್ನು ಕಾಡಾಗಿಯೇ ಬಿಡಬೇಕು ಅನ್ನುತ್ತದೆ ಅಲ್ಲಿನ ಅರಣ್ಯ ಸಂಹಿತೆ. ಆದರೆ ನಿಮ್ಮ 'ಏಕೆ'ಗೆ ಉತ್ತರ ಬೇಕಿದ್ದರೆ ಜಮೀನಿನ ಕಾಗದಪತ್ರ ನೋಡಬೇಕು.

ಉಪಗ್ರಹ ಚಿತ್ರ ನೋಡಿ ಭೂಬಳಕೆಯ ನಕ್ಷೆ ಮಾಡುವುದು ನನ್ನ ಕೆಲಸ. ಪಾರಾ ರಾಜ್ಯದ ಬಿಆರ್-163 ಹೆದ್ದಾರಿಯ ಅಕ್ಕಪಕ್ಕದ ಚಿತ್ರಗಳನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮೊದಲು ಕೂದಲೆಳೆಯಂಥ ಒಂದು ಮಣ್ಣಿನ ದಾರಿ ಕಾಡೊಳಗೆ ಹೋಗುತ್ತದೆ. ಬೆಲೆಬಾಳುವ ಇಪೆ ಮರ ಹೊರಗೆ ಬರುವುದು ಆ ದಾರಿಯಲ್ಲೇ. ಆಮೇಲೆ ಅಡ್ಡದಾರಿಗಳು ಮೂಡಿ ಮೀನಿನ ಮುಳ್ಳಿನ ಹಾಗೆ ಕಾಣಿಸತೊಡಗುತ್ತದೆ. ಮಳೆ ನಿಂತ ಮೇಲೆ ಉಳಿದ ಮರ ಉರುಳಿಸಿ ಒಣಗಲು ಬಿಡುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬೆಂಕಿ. ಮುಂದಿನ ಚಿತ್ರಗಳಲ್ಲಿ ಅದೇ ಜಾಗ ತಿಳಿಹಸಿರು. ದನಕ್ಕೆಂದು ಬಿತ್ತಿದ ಹುಲ್ಲು ಅದು. 'ಈ ಜಾಗ ನನ್ನ ಸ್ವಾಧೀನದಲ್ಲಿದೆ' ಅನ್ನಲು ಆ ಹುಲ್ಲು, ಅದರ ಮೇಲೆ ಬಿಟ್ಟ ನಾಲ್ಕು ದನ ಸಾಕು.

ಸರ್ಕಾರಿ ಜಮೀನು ನುಂಗುವ ಈ ಕೆಲಸಕ್ಕೆ ಪೋರ್ಚುಗೀಸಿನಲ್ಲಿ 'ಗ್ರಿಲಾಜೆಮ್' ಅನ್ನುತ್ತಾರೆ. 'ಗ್ರಿಲೊ' ಅಂದರೆ ಚಿಮ್ಮಂಡೆ ಹುಳ. ಹಿಂದೆ ನಕಲಿ ಪತ್ರಗಳನ್ನು ಚಿಮ್ಮಂಡೆಗಳ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರಂತೆ. ಹುಳಗಳ ಹಿಕ್ಕೆಗೆ ಕಾಗದ ಹಳದಿಯಾಗಿ ಅಜ್ಜನ ಕಾಲದ ಪತ್ರದಂತೆ ಕಾಣುತ್ತಿತ್ತಂತೆ. ಈಗ ಹುಳ ಬೇಕಿಲ್ಲ. 'ಕಾರ್' ಎಂಬ ಆನ್‌ಲೈನ್ ಗ್ರಾಮೀಣ ಪರಿಸರ ನೋಂದಣಿಯಲ್ಲಿ ಜಮೀನಿನ ಗಡಿಯನ್ನು ಅರ್ಜಿ ಹಾಕಿದವನೇ ಘೋಷಿಸುತ್ತಾನೆ. ಇದು ಹಕ್ಕುಪತ್ರವಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ಆದರೂ ಸರ್ಕಾರಿ ಕಾಡಿನ ಮೇಲೆ ಗೆರೆ ಎಳೆದು, ಅದರ ಪ್ರಿಂಟ್ ತೋರಿಸಿ ಜಾಗ ಮಾರುವವರಿದ್ದಾರೆ. ಮೀಸಲು ಅರಣ್ಯವೆಂದಾಗಲಿ, ಮೂಲನಿವಾಸಿಗಳದ್ದೆಂದಾಗಲಿ ಇನ್ನೂ ಗೊತ್ತುಪಡಿಸದ ಸರ್ಕಾರಿ ಕಾಡು ಅಲ್ಲಿ 5 ಕೋಟಿ ಹೆಕ್ಟೇರಿಗೂ ಮಿಕ್ಕಿ ಇದೆ. ಒತ್ತುವರಿದಾರರ ಕಣ್ಣೆಲ್ಲ ಅದರ ಮೇಲೆ.

ಅವರಿಗೆ ಧೈರ್ಯ ಕೊಟ್ಟಿದ್ದು ಅಕ್ರಮ-ಸಕ್ರಮ. 2004ರ ಡಿಸೆಂಬರ್‌ಗೆ ಮುಂಚಿನ ಒತ್ತುವರಿಯನ್ನು ಸಕ್ರಮ ಮಾಡಲು 2009ರಲ್ಲಿ ಕಾನೂನು ಬಂತು. 2017ರಲ್ಲಿ ಆ ಗಡುವನ್ನೂ ಮುಂದೆ ತಳ್ಳಿದರು. 2008ರ ಜುಲೈಗೆ ಮೊದಲು ಅಕ್ರಮವಾಗಿ ಕಡಿದವರಿಗೆ 2012ರ ಹೊಸ ಅರಣ್ಯ ಸಂಹಿತೆ ವಿನಾಯಿತಿಗಳನ್ನು ಕೊಟ್ಟಿತು. ನನಗೆ ತುಂಬ ಸಂಕಟವಾಗುವುದು ಇಲ್ಲೇ. ಇಂದು ಕಡಿದವನು ನಾಳೆ ಗಡುವು ಸರಿಯುತ್ತದೆಂದು ಕಾದು ಕೂರುತ್ತಾನೆ, ಕಾನೂನಿನಂತೆ ಕಾಡು ಉಳಿಸಿಕೊಂಡವನು ಪೆದ್ದನಾಗುತ್ತಾನೆ. ಕಾಡು ಉಳಿಸಿಕೊಂಡೇ ಬದುಕಬೇಕೆಂದಿದ್ದ ಬಡ ಕುಟುಂಬಗಳ ಜಮೀನಿನ ಹಕ್ಕಿಗಾಗಿ ನಿಂತ ಸನ್ಯಾಸಿನಿ ಡೊರೊಥಿ ಸ್ಟ್ಯಾಂಗ್ ಅವರನ್ನು 2005ರಲ್ಲಿ ಇದೇ ಪಾರಾದ ಅನಾಪುವಿನಲ್ಲಿ ಗುಂಡಿಟ್ಟು ಕೊಂದರು. ಆಗ ಅವರಿಗೆ 73 ವರ್ಷ.

ನಿಲ್ಲಿಸಬಹುದಾ ಅಂದಿರಿ. ಬಹುಮಟ್ಟಿಗೆ ನಿಲ್ಲಿಸಿ ತೋರಿಸಿದ್ದಾರೆ. 2004ರಲ್ಲಿ ಅಮೆಜಾನ್ ಕಳೆದುಕೊಂಡಿದ್ದು 27,000 ಚದರ ಕಿ.ಮೀ.ಗೂ ಹೆಚ್ಚು, 2012ಕ್ಕೆ ಅದು 4,600ಕ್ಕಿಂತ ಕೆಳಗಿಳಿದಿತ್ತು. ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದಾಗ ಶುರುವಾದ ಕೆಲಸ ಅದು. 'ಡೆಟರ್' ಎಂಬ ಉಪಗ್ರಹ ವ್ಯವಸ್ಥೆ ಹೊಸದಾಗಿ ಕಡಿದ ಜಾಗವನ್ನು ಬೇಗನೆ ತೋರಿಸಿಕೊಡುತ್ತಿತ್ತು, ಅಧಿಕಾರಿಗಳು ಅಲ್ಲಿಗೇ ಹೋಗುತ್ತಿದ್ದರು. 2008ರಿಂದ ನಿಯಮ ಪಾಲಿಸಿದ ದಾಖಲೆ ಇಲ್ಲದವರಿಗೆ ಬ್ಯಾಂಕಿನ ಕೃಷಿ ಸಾಲ ಬಂದ್ ಆಯಿತು. ನನ್ನ ಪ್ರಕಾರ ದಂಡಕ್ಕಿಂತ ಹೆಚ್ಚು ನಾಟಿದ್ದು ಈ ಸಾಲದ ಪೆಟ್ಟು, ಏಕೆಂದರೆ ದಂಡವನ್ನು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಹುದು.

2019ರಲ್ಲಿ ಕಾಡು ನಾಶದ ಅಂಕಿಅಂಶ ಸರಿಯೆಂದು ಪಟ್ಟು ಹಿಡಿದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನಿರ್ದೇಶಕರನ್ನೇ ಆಗಿನ ಅಧ್ಯಕ್ಷ ಬೋಲ್ಸೊನಾರೊ ಅವರ ಸರ್ಕಾರ ತೆಗೆದುಹಾಕಿತು. 2021ಕ್ಕೆ ನಾಶ ಮತ್ತೆ 13,000 ಚದರ ಕಿ.ಮೀ. ದಾಟಿತು. ಮರೀನಾ 2023ರಲ್ಲಿ ಮತ್ತೆ ಪರಿಸರ ಸಚಿವೆಯಾಗಿ ಬಂದರು, 2024ಕ್ಕೆ ಸುಮಾರು 6,300ಕ್ಕೆ ಇಳಿಯಿತು.

ದೊಡ್ಡದೊಂದು ತೂತು ಹಾಗೇ ಉಳಿದಿದೆ. ಕಾಡು ಕಡಿದ ಜಾಗದಲ್ಲಿ ಹುಟ್ಟಿದ ಕರುವನ್ನು ದಾಖಲೆ ಸರಿಯಿರುವ ಇನ್ನೊಂದು ಫಾರ್ಮಿಗೆ ಮಾರುತ್ತಾರೆ. ಕಸಾಯಿಖಾನೆಯವರು ಸಾಮಾನ್ಯವಾಗಿ ಪರಿಶೀಲಿಸುವುದು ಆ ಕೊನೆಯ ಫಾರ್ಮನ್ನು ಮಾತ್ರ. ಪ್ರತಿ ದನದ ಕಿವಿಗೂ ಗುರುತಿನ ಬಿಲ್ಲೆ ಹಾಕುವ ಯೋಜನೆಯನ್ನು ಪಾರಾ ರಾಜ್ಯ 2023ರಲ್ಲಿ ಘೋಷಿಸಿದೆ. ಅದು ನೆಟ್ಟಗೆ ಜಾರಿಯಾದರೆ ಕರು ಹುಟ್ಟಿದ ಜಾಗದ ಗಡಿಯನ್ನು ಉಪಗ್ರಹ ಚಿತ್ರದ ಮೇಲಿಟ್ಟು, ಅಲ್ಲಿನ ಹುಲ್ಲು ಯಾವ ವರ್ಷದ ಬೆಂಕಿಯ ಮೇಲೆ ಬೆಳೆದದ್ದೆಂದು ಯಾರು ಬೇಕಾದರೂ ಹೇಳಬಹುದು.