ಪೈಪ್ ತುಂಬಿದ ಮೇಲೂ ನೀರು ಹರಿಯುತ್ತದೆ ಸ್ವಾಮಿ

ಮಳೆಗಾಲ ಬಂತು, ಅದೇ ಪ್ರಶ್ನೆಯೂ ಬಂತು. "ಮಳೆನೀರು ಚರಂಡಿಯ ಲೆಕ್ಕ ಹಾಕುವ ಎಸ್‌ಡಬ್ಲ್ಯುಎಂಎಂ ಸಾಫ್ಟ್‌ವೇರ್‌ನ ಮಾಡೆಲ್‌ನಲ್ಲಿ 600 ಮಿ.ಮೀ. ಕಾಂಕ್ರೀಟ್ ಪೈಪ್, ಉದ್ದ 50 ಮೀಟರ್, ಇಳಿಜಾರು 200ಕ್ಕೆ 1. ಪೂರ್ತಿ ತುಂಬಿದಾಗಿನ ಕ್ಯಾಪಾಸಿಟಿ ಸೆಕೆಂಡಿಗೆ 434 ಲೀಟರ್. ರಿಸಲ್ಟ್‌ನಲ್ಲಿ 700 ಹರಿದಿದೆ. ಸಾಫ್ಟ್‌ವೇರ್ ತಪ್ಪಾ ಸರ್?"

ತಪ್ಪಲ್ಲ. 434 ಪೈಪಿನ ಗರಿಷ್ಠ ಮಿತಿ ಅಂತ ನಿಮಗೆ ಹೇಳಿದವರು ಯಾರು? ನೀರಿನ ಮಟ್ಟವೂ ಪೈಪಿನಷ್ಟೇ ಇಳಿಜಾರಾಗಿದೆ, ಒತ್ತಡ ಏನೂ ಇಲ್ಲ ಅಂದುಕೊಂಡು ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಎನ್, ಅಂದರೆ ಪೈಪಿನ ಒರಟುತನದ ಅಂಕಿ, 0.013 ಅಂತ ಹಾಕಿದಾಗ ಬರುವ ಲೆಕ್ಕ ಅದು. ನಿಮ್ಮ ಪೈಪ್ 50 ಮೀಟರಿಗೆ ಇಳಿಯುವುದು ಬರೀ 25 ಸೆಂ.ಮೀ. ಜೋರು ಮಳೆಗೆ ಮೇಲಿನ ಮ್ಯಾನ್‌ಹೋಲ್‌ನಲ್ಲಿ ನೀರು ಪೈಪಿನ ನೆತ್ತಿಗಿಂತ 40 ಸೆಂ.ಮೀ. ಮೇಲೆ ನಿಂತಿತು, ಕೆಳಗಿನದರಲ್ಲಿ ನೆತ್ತಿಯ ಮಟ್ಟಕ್ಕಷ್ಟೇ ಇದೆ ಅನ್ನಿ. ಈಗ ನೀರನ್ನು ತಳ್ಳುತ್ತಿರುವುದು 65 ಸೆಂ.ಮೀ. ಅಂದರೆ 2.6 ಪಟ್ಟು. ಆ ಸೂತ್ರದಲ್ಲಿ ಹರಿವು ಏರುವುದು ಇಳಿಜಾರಿನ ವರ್ಗಮೂಲದಷ್ಟು; 2.6ರ ವರ್ಗಮೂಲ 1.61. 434ಕ್ಕೆ ಗುಣಿಸಿ ನೋಡಿ, ನಿಮ್ಮ 700 ಅಲ್ಲೇ ಕೂತಿದೆ.

ನೀವು ಡೈನಮಿಕ್ ವೇವ್, ಅಂದರೆ ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ, ಆರಿಸಿದ್ದಕ್ಕೆ ಇದು ಕಂಡಿತು. ಪೈಪಿನ ಇಳಿಜಾರನ್ನಷ್ಟೇ ನೋಡುವ ಕೈನೆಮ್ಯಾಟಿಕ್ ವೇವ್ ಆಗಿದ್ದರೆ ಪೈಪ್ 434ಕ್ಕೇ ನಿಂತು, ಮಿಕ್ಕ ನೀರು ಮೇಲಿನ ಮ್ಯಾನ್‌ಹೋಲ್‌ನಿಂದ ಉಕ್ಕುತ್ತಿತ್ತು. ಹಾಗಂತ 700 ನೋಡಿ ಖುಷಿಪಡಬೇಡಿ. ಮ್ಯಾನ್‌ಹೋಲ್ ದಾಟುವಾಗ ನೀರು ಕಳೆದುಕೊಳ್ಳುವ ಶಕ್ತಿಯ ನಷ್ಟ ಹಾಕಿದ್ದೀರಾ? ನನಗೆ ಬರುವ ಫೈಲುಗಳಲ್ಲಿ ಹೆಚ್ಚಿನವರು ಅಲ್ಲಿ ಸೊನ್ನೆಯನ್ನೇ ಬಿಟ್ಟಿರುತ್ತಾರೆ. ಈ ವೇಗಕ್ಕೆ, ಅಂದರೆ ಸೆಕೆಂಡಿಗೆ ಎರಡೂವರೆ ಮೀಟರ್ ಹತ್ತಿರ, ವೇಗದ ಹೆಡ್ಡೇ (ಆ ವೇಗ ಕೊಡಲು ಬೇಕಾದ ನೀರಿನ ಎತ್ತರ) 30 ಸೆಂ.ಮೀ. ದಾಟುತ್ತದೆ. ಅದರಲ್ಲಿ ಅರ್ಧ ಹೋದರೂ ನಿಮ್ಮ 65ರ ಲೆಕ್ಕ ಕೆಟ್ಟಿತು.

ವೃತ್ತಾಕಾರದ ಪೈಪ್ 94% ಆಳಕ್ಕೆ ತುಂಬಿದಾಗ ಪೂರ್ತಿ ತುಂಬಿದ್ದಕ್ಕಿಂತ 7-8% ಜಾಸ್ತಿ ಒಯ್ಯುತ್ತದೆ, ನಿಜ. ಅದನ್ನು ನಂಬಿ ಡಿಸೈನ್ ಮಾಡಬೇಡಿ. ನಾನು 80% ಆಳಕ್ಕೇ ನಿಲ್ಲಿಸುತ್ತೇನೆ, ಹೆದರುಪುಕ್ಕಲ ಅಂದರೂ ಸರಿ.

"ಕಾಂಕ್ರೀಟಿಗೂ 0.009 ಹಾಕಿ, ಪೈಪ್ ಸಾಲದು ಅನ್ನುವ ಕೆಂಪು ಗೆರೆ ಹಸಿರಾಗುತ್ತೆ ಅಂತ ಟ್ರೇನಿಂಗ್‌ನಲ್ಲಿ ಹೇಳಿದರು." ಫೀಸು ವಾಪಸ್ ಕೇಳಿ. 434 ಕೂತಲ್ಲೇ 627 ಆಗುತ್ತದೆ, ಪೈಪಿಗೆ ಅದು ಗೊತ್ತೇ ಇರುವುದಿಲ್ಲ.

"ಬೆಂಗಳೂರಿನ ರಾಜಕಾಲುವೆಗೆ ಯಾವ ಎನ್?" ಇಳಿದು ನೋಡಿ ಹಾಕಿ. ನಾನು ಒಮ್ಮೆ ಇಳಿದಾಗ ಮೊಣಕಾಲುದ್ದ ಹೂಳು, ಅದರೊಳಗೆ ಹಾಸಿಗೆ, ಅಡ್ಡಲಾಗಿ ಕೇಬಲ್ ಪೈಪ್. ಡ್ರಾಯಿಂಗ್‌ನಲ್ಲಿ ಮಾತ್ರ ನುಣುಪು ಕಾಂಕ್ರೀಟ್. 0.015 ಅಂದುಕೊಂಡಿದ್ದು 0.030 ಆದರೆ ಕ್ಯಾಪಾಸಿಟಿ ಅರ್ಧಕ್ಕರ್ಧ ಹೋಯಿತು, ಹೂಳು ತಿಂದ ಜಾಗ ಬೇರೆ. ತೆರೆದ ಕಾಲುವೆ ಪೈಪಿನ ಹಾಗೆ ಒತ್ತಡ ತಡೆದುಕೊಳ್ಳುವುದಿಲ್ಲ, ಅಂಚು ದಾಟಿದರೆ ಸೀದಾ ಪಕ್ಕದ ಮನೆಗೆ.

"ಪೈಪ್ ಅರ್ಧ ತುಂಬಿದರೆ ವೇಗವೂ ಅರ್ಧ ಅಲ್ವಾ?" ಅಲ್ಲ. ಪೂರ್ತಿ ತುಂಬಿದಾಗ ಎಷ್ಟೋ ಅಷ್ಟೇ.