ಬಾಕ್ಸ್ ಸೆಟ್ ಸೀಲ್ ಒಡೆಯದೆ ಇಡಬೇಕಾ? ಬೇಡ, ಮನೆಗೆ ಬಂದ ದಿನವೇ ಒಡೆಯಿರಿ

ತುಮಕೂರಿನವರು, ಕೈಯಲ್ಲಿ ನಲವತ್ತು ಸಾವಿರ ಇದೆ, ಜಾಝ್ ಅಥವಾ ವೆಸ್ಟರ್ನ್ ಕ್ಲಾಸಿಕಲ್‌ನ ಒಂದು ದೊಡ್ಡ ಬಾಕ್ಸ್ ಸೆಟ್ (ಒಂದೇ ಪೆಟ್ಟಿಗೆಯಲ್ಲಿ ಬರುವ ಹಲವು ಸಿಡಿ) ಕೊಂಡು ಸೀಲ್ ಒಡೆಯದೆ ಹತ್ತು ವರ್ಷ ಇಟ್ಟರೆ ಬೆಲೆ ಬರುತ್ತದಾ ಅಂತ ಕೇಳಿದ್ದೀರಿ. 2012ರಲ್ಲಿ ಇದೇ ಊರಲ್ಲಿ ಕೂತು ನಾನು ಇದೇ ಲೆಕ್ಕ ಹಾಕಿದ್ದೆ.

ಬೆಂಗಳೂರಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಅಂಗಡಿಯಿಂದ ಎರಡು ಸೆಟ್ ತಂದೆ. ಒಂದು, ವಾಗ್ನರ್ ಒಪೆರಾ, ನಾಲ್ಕು ಸಿಡಿ, ಎಂಬತ್ತರ ದಶಕದ ಕೊನೆಯ ಮುದ್ರಣ. ಸಿಡಿಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅದರ ಮೇಲೆ ರಟ್ಟಿನ ಕವಚ, ಅದರ ಮೇಲೆ ಕಂಪನಿಯ ಸೀಲ್ ಹಾಗೇ ಇತ್ತು. ಇನ್ನೊಂದು ಏಳು ಸಿಡಿಗಳ ಜಾಝ್ ಸೆಟ್, ಅದು ಹೊಸದು. ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಸೋಮೇಶ್ವರಪುರಂ ಮನೆಯ ಅಟ್ಟದ ಮೇಲೆ ಇಟ್ಟೆ. ಅಟ್ಟದ ನೆತ್ತಿಗೇ ತಾರಸಿ. ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಆ ಕಾಂಕ್ರೀಟು ರಾತ್ರಿಯಿಡೀ ಒಳಗೆ ಶಾಖ ಬಿಡುತ್ತದೆ. 2021ರ ಮಳೆಗಾಲದಲ್ಲಿ ಒಪೆರಾ ಸೆಟ್ಟಿನ ಸೀಲ್ ಒಡೆದೆ.

ಆ ಕಾಲದ ದಪ್ಪ ಡಬ್ಬಿಗಳಲ್ಲಿ ಸಿಡಿಗಳು ಅಲುಗಾಡದಿರಲಿ ಅಂತ ನಡುವೆ ತೆಳ್ಳನೆಯ ಫೋಮ್ ಹಾಳೆ ಹಾಕುತ್ತಿದ್ದರು. ಆ ಫೋಮ್ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ಎಳೆಪಾಕದ ಹಾಗೆ ಎಳೆ ಬರುತ್ತಿತ್ತು. ಮೊದಲ ಸಿಡಿಯ ಹೆಸರು ಮುದ್ರಿಸಿದ ಮುಖಕ್ಕೆ ಪೂರ್ತಿ ಅಂಟಿಕೊಂಡಿತ್ತು. ಉಗುರಿನಿಂದ ಒಂದು ಮೂಲೆ ಎಬ್ಬಿಸಿದೆ, ಫೋಮ್ ಜೊತೆಗೆ ಬೆಳ್ಳಿ ಬಣ್ಣದ ಪದರವೂ ಎದ್ದು ಬಂತು. ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಜರಡಿಯ ಹಾಗೆ ಬೆಳಕು ಕಾಣಿಸಿತು.

ಇದು ಯಾಕಾಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ತಪ್ಪಿದ್ದು ಇಲ್ಲೇ. ಸಿಡಿ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಸಂಗೀತ ಇರುವುದು ಹೊಳೆಯುವ ಮುಖದ ಹತ್ತಿರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಇರುವುದು ಹೆಸರು ಬರೆದ ಮುಖದ ಕೆಳಗೆ, ಕಣ್ಣಿಗೆ ಸಿಗದಷ್ಟು ತೆಳ್ಳನೆಯ ಅಲ್ಯೂಮಿನಿಯಂ ಪದರದಲ್ಲಿ. ಅದಕ್ಕೆ ಕಾವಲು ಬರೀ ಒಂದು ಲೇಪ ಲ್ಯಾಕರ್ ಮತ್ತು ಮುದ್ರಣದ ಶಾಯಿ. ಹೊಳೆಯುವ ಮುಖದಲ್ಲಿ ಗೀರು ಬಿದ್ದರೆ ಪ್ಲೇಯರ್ ಎಷ್ಟೋ ಸಲ ಸರಿಮಾಡಿಕೊಂಡು ಓದುತ್ತದೆ. ಹೆಸರಿನ ಮುಖ ಕಿತ್ತುಬಂದರೆ ಸಂಗೀತವೇ ಕಿತ್ತುಬಂದ ಹಾಗೆ. ಆ ಫೋಮ್ ಪಾಲಿಯುರೆಥೇನ್. ತೇವ ಮತ್ತು ಶಾಖ ಸೇರಿದರೆ ಅದು ತನ್ನಷ್ಟಕ್ಕೆ ಕರಗಿ ಅಂಟಾಗುತ್ತದೆ.

ಸೀಲ್ ಇತ್ತಲ್ಲ, ತೇವ ಹೇಗೆ ಒಳಗೆ ಹೋಯಿತು ಅಂತ ಕೇಳಬಹುದು. ಸೀಲ್ ಅಂದರೆ ಶ್ರಿಂಕ್‌ರ್ಯಾಪ್, ಬಿಗಿಯಾಗಿ ಸುತ್ತಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದು ಗಾಳಿ ತಡೆಯುವ ವಸ್ತುವಲ್ಲ. ಬಿಸಿ ಮಾಡಿ ಬಿಗಿಸುವಾಗ ಗಾಳಿ ಹೊರಹೋಗಲೆಂದು ಅದರಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಒಳಗೆ ಏನಾಗುತ್ತಿದೆ ಅಂತ ನಮಗೆ ಕಾಣದಂತೆ ಮಾಡಿದ್ದಷ್ಟೇ ಆ ಸೀಲ್. 2012ರಲ್ಲಿ ಒಡೆದಿದ್ದರೆ ಫೋಮ್ ಒಣಗಿ ಪುಡಿಯಾಗುವ ಹಂತದಲ್ಲಿ ಸಿಕ್ಕಿರುತ್ತಿತ್ತು. ಎತ್ತಿ ಬಿಸಾಡಿ, ಸಿಡಿಗಳನ್ನು ಹೊಸ ಕೇಸಿಗೆ ಹಾಕಲು ಐದು ನಿಮಿಷ ಸಾಕಿತ್ತು.

ಈಗಾಗಲೇ ಅಂಟಿದ್ದರೆ ಕೆರೆಯಬೇಡಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಸಿಡಿಯನ್ನು ಕಾಲು ಗಂಟೆ ನೆನೆಸಿ, ಹತ್ತಿಯಿಂದ ಉರುಳಿಸುತ್ತಾ ತೆಗೆಯಿರಿ, ಒತ್ತಬೇಡಿ. ಹೊಳೆಯುವ ಮುಖವನ್ನು ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಅಲ್ಲ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ, ಪಾಲಿಕಾರ್ಬೊನೇಟ್ ಬೆಳ್ಳಗಾಗಿ ಹಾಳಾಗುತ್ತದೆ. ನನ್ನ ನಾಲ್ಕರಲ್ಲಿ ಎರಡು ಉಳಿದವು.

ಜಾಝ್ ಸೆಟ್ಟಿನ ಕಥೆ ಚಿಕ್ಕದು. ಅದನ್ನೂ ಅದೇ ವಾರ ಒಡೆದೆ. ಆರನೇ ಸಿಡಿ, ಏಳನೇ ಸಿಡಿ ಎರಡರಲ್ಲೂ ಒಂದೇ ಸಂಗೀತ! ಮೇಲೆ ಮುದ್ರಣ ಸರಿಯಾಗಿ 7 ಅಂತಲೇ ಇತ್ತು. ಹೊಳೆಯುವ ಮುಖದಲ್ಲಿ ನಡುತೂತಿನ ಸುತ್ತ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ (ಯಾವ ಅಚ್ಚಿನದು ಅಂತ ಹೇಳುವ ಗುರುತು) ನೋಡಿದಾಗ ಎರಡರಲ್ಲೂ ಒಂದೇ ಸಂಖ್ಯೆ. ಕಾರ್ಖಾನೆಯಲ್ಲಿ ಆರನೆಯ ಸಿಡಿಗೆ ಏಳನೆಯದರ ಮುಖ ಅಚ್ಚಾಗಿದೆ. ಇಂಥ ತಪ್ಪು ಬಾಕ್ಸ್ ಸೆಟ್‌ಗಳಲ್ಲಿ ಆಗುತ್ತಲೇ ಇರುತ್ತದೆ, ಬೇಗ ತಿಳಿಸಿದರೆ ಲೇಬಲ್‌ನವರು, ಅಂದರೆ ಸಂಗೀತ ಹೊರತರುವ ಕಂಪನಿಯವರು, ಬದಲಿ ಸಿಡಿ ಕಳಿಸುವುದೂ ಉಂಟು. ಒಂಬತ್ತು ವರ್ಷ ಆದಮೇಲೆ ಆ ಸೆಟ್ಟೇ ಮಾರುಕಟ್ಟೆಯಲ್ಲಿ ಇರಲಿಲ್ಲ.

ಈಗ ನಿಮ್ಮ ಬೆಲೆಯ ಲೆಕ್ಕಕ್ಕೆ ಬರುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಲೇಬಲ್‌ಗಳ ಆಸ್ತಿ ಅವರ ಮೂಲ ರೆಕಾರ್ಡಿಂಗ್ ಟೇಪು, ಅದನ್ನು ಅವರು ಮತ್ತೆ ಮತ್ತೆ ಮಾರುತ್ತಾರೆ. ಡೆಕ್ಕಾ ಲೇಬಲ್ 1958ರಿಂದ 1965ರವರೆಗೆ ವಿಯೆನ್ನಾದ ಸೋಫಿಯೆನ್‌ಸಾಲ್‌ನಲ್ಲಿ ರೆಕಾರ್ಡ್ ಮಾಡಿದ, ಸೋಲ್ಟಿ ವಾದ್ಯವೃಂದ ನಡೆಸಿದ ವಾಗ್ನರ್‌ನ ರಿಂಗ್ ಸರಣಿ (ನಾಲ್ಕು ಒಪೆರಾ) 1997ರಲ್ಲಿ ರೀಮಾಸ್ಟರ್ ಆಯಿತು, ಅಂದರೆ ಧ್ವನಿ ಹದಮಾಡಿ ಮತ್ತೆ ಸಿದ್ಧವಾಯಿತು. 2022ರಿಂದ ಮೂಲ ಟೇಪುಗಳನ್ನೇ ಮತ್ತೆ ಓದಿಸಿ ಇನ್ನೊಂದು ಸಲ ಹೊರಬಂತು. ವಾದ್ಯವೃಂದ ನಿರ್ದೇಶಕ ಕರಾಯನ್ 1961-62ರಲ್ಲಿ ಡಾಯ್ಚ ಗ್ರಾಮೊಫೋನ್ ಲೇಬಲ್‌ಗೆ ಮಾಡಿದ ಬೀಥೊವನ್ ಸಿಂಫನಿಗಳು ಎಷ್ಟು ರೂಪದಲ್ಲಿ ಬಂದಿವೆಯೋ ಲೆಕ್ಕವಿಲ್ಲ. ಹೊಸ ಬಾಕ್ಸ್ ಬಂದ ದಿನ ನಿಮ್ಮ ಅಟ್ಟದ ಮೇಲಿನ ಹಳೆ ಬಾಕ್ಸನ್ನು ಯಾರು ಕೇಳುತ್ತಾರೆ? ಮೊಸೇಕ್ ರೆಕಾರ್ಡ್ಸ್ ಅನ್ನುವ ಜಾಝ್ ಲೇಬಲ್ ಸ್ವಲ್ಪ ಬೇರೆ. ಎಂಬತ್ತರ ದಶಕದ ಮೊದಲಲ್ಲಿ ಮೈಕಲ್ ಕಸ್ಕುನಾ ಮತ್ತು ಚಾರ್ಲಿ ಲೂರಿ ಶುರು ಮಾಡಿದ್ದು. ಬೇರೆ ಲೇಬಲ್‌ಗಳಿಂದ ಹಕ್ಕು ಪಡೆದು, ಇಷ್ಟೇ ಪ್ರತಿ ಅಂತ ಸಂಖ್ಯೆ ಹಾಕಿ ಮಾರುತ್ತಾರೆ, ಮುಗಿದರೆ ಮುಗಿಯಿತು. ಅಲ್ಲಿ ಬೆಲೆ ಏರುವುದುಂಟು. ಅಲ್ಲೂ ನಾನು ಕೊಳ್ಳುವವನಾದರೆ ಸೀಲ್ ಇರುವುದಕ್ಕಿಂತ, ಎಲ್ಲ ಸಿಡಿಯೂ ಓದುತ್ತದೆ ಅಂತ ಪರೀಕ್ಷೆ ಮಾಡಿದ ಸೆಟ್ಟಿಗೇ ಹೆಚ್ಚು ಕೊಡುತ್ತೇನೆ.

ನಲವತ್ತು ಸಾವಿರವನ್ನು ಒಂದೇ ಪೆಟ್ಟಿಗೆಗೆ ಸುರಿಯಬೇಡಿ. ಕ್ಲಾಸಿಕಲ್‌ಗೆ ಸಿಡಿ ಬಾಕ್ಸ್ ತಗೊಳ್ಳಿ. ಎಲ್‌ಪಿಯ, ಅಂದರೆ ದೊಡ್ಡ ವಿನೈಲ್ ತಟ್ಟೆಯ, ಒಂದು ಬದಿಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ಬ್ರೂಕ್ನರ್ ಸಿಂಫನಿಯ ನಿಧಾನಗತಿಯ ಒಂದು ಭಾಗವೇ ಅಷ್ಟು ತಿನ್ನುತ್ತದೆ. ಸಂಗೀತ ಏರುತ್ತಿರುವಾಗ ಎದ್ದು ಹೋಗಿ ತಟ್ಟೆ ತಿರುಗಿಸುವುದು ನನಗಂತೂ ಬೇಡ. ಜಾಝ್‌ಗೆ ಬಿಡಿಬಿಡಿಯಾಗಿ ಎಲ್‌ಪಿ ರೀಇಷ್ಯೂಗಳನ್ನು (ಹಳೆಯವುಗಳ ಮರುಮುದ್ರಣ) ತಗೊಳ್ಳಿ. ಬ್ಲೂ ನೋಟ್ ಲೇಬಲ್‌ನ ಟೋನ್ ಪೊಯೆಟ್ ಸರಣಿ 2019ರಿಂದ ಬರುತ್ತಿದೆ, ಜೋ ಹಾರ್ಲಿ ಆರಿಸುತ್ತಾರೆ, ಕೆವಿನ್ ಗ್ರೇ ಮೂಲ ಟೇಪಿನಿಂದ ಮಾಸ್ಟರ್ ಮಾಡುತ್ತಾರೆ. ಕೈಗೆಟಕುವ ಬೆಲೆಗೆ ಅದೇ ಲೇಬಲ್‌ನ ಕ್ಲಾಸಿಕ್ ವಿನೈಲ್ ಸರಣಿ ಇದೆ, ಅದರ ಮಾಸ್ಟರಿಂಗ್ ಕೂಡ ಕೆವಿನ್ ಗ್ರೇ ಅವರದೇ. ತಿಂಗಳಿಗೆ ಒಂದು ಸಾಕು.

ಐವತ್ತರ ದಶಕದ ಜಾಝ್ ಅಗ್ಗಕ್ಕೆ, ಹೆಸರೇ ಕೇಳದ ಯುರೋಪಿನ ಲೇಬಲ್‌ನಲ್ಲಿ ಕಂಡರೆ ಕೈ ಹಿಂದೆ ತಗೊಳ್ಳಿ. ಯುರೋಪಿನಲ್ಲಿ 1963ಕ್ಕೆ ಮೊದಲು ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಹಕ್ಕು ಮುಗಿದಿದೆ, ಆದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಮೂಲ ಟೇಪು ಅವರ ಕೈಗೆ ಸಿಗುವುದಿಲ್ಲ, ಎಷ್ಟೋ ಸಲ ಸಿಡಿಯಿಂದಲೇ ಎಲ್‌ಪಿ ಮಾಡುತ್ತಾರೆ. ಯಾವ ಟೇಪಿನಿಂದ, ಯಾರು ಮಾಸ್ಟರ್ ಮಾಡಿದರು ಅಂತ ಕವರ್ ಮೇಲೆ ಬರೆದಿಲ್ಲದಿದ್ದರೆ ಬಿಟ್ಟುಬಿಡಿ.

ಎಲ್‌ಪಿಗೂ ಸೀಲ್ ಶತ್ರುವೇ. ಸೆಕೆಗೆ ಶ್ರಿಂಕ್‌ರ್ಯಾಪ್ ಇನ್ನಷ್ಟು ಬಿಗಿಯುತ್ತದೆ, ಒಳಗಿನ ತಟ್ಟೆ ದೋಸೆಯಂಚಿನ ಹಾಗೆ ಬಾಗುತ್ತದೆ. ಸ್ಟೇಷನರಿ ಅಂಗಡಿಯ ದಪ್ಪ ಪಾರದರ್ಶಕ ಕವರ್ ಕೂಡ ಹಾಕಬೇಡಿ. ಮೂಸಿ ನೋಡಿ, ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಮೆದು ಪಿವಿಸಿ. ಅದರ ಎಣ್ಣೆಯಂಥ ಅಂಶ ವಿನೈಲ್‌ಗೆ ಇಳಿದು ಮಂಜು ಹಿಡಿದ ಕಲೆ ಉಳಿಯುತ್ತದೆ, ತೊಳೆದರೂ ಹೋಗದು. ಪಾಲಿಥಿನ್ ಒಳಕವರ್ ಹಾಕಿ, ನೇರವಾಗಿ ನಿಲ್ಲಿಸಿ. ನೆಲದಿಂದ ಎತ್ತರದ ಸ್ಟೀಲ್ ರ್ಯಾಕ್ ಇರಲಿ, ರಟ್ಟಿನ ಬಾಕ್ಸ್ ನೆಲದ ಮೇಲಿದ್ದರೆ ಗೆದ್ದಲು ಹುಡುಕಿಕೊಂಡು ಬರುತ್ತದೆ. ತೊಳೆಯಲು ನಮ್ಮ ಬೋರ್ ನೀರು ಬೇಡವೇ ಬೇಡ, ಆರಿದ ಮೇಲೆ ಅದರ ಉಪ್ಪು ಗ್ರೂವ್‌ನಲ್ಲಿ ಉಳಿದು ಚಿಟಪಟ ಅನ್ನುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಆಸಿಡ್ ಅಂತ ಬರೆದ ಕ್ಯಾನ್ ಅಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಸಿಡಿ ಬಾಕ್ಸ್ ಬಂದ ದಿನ ಹೀಗೆ ಮಾಡಿ. ಪಾರ್ಸಲ್ ಬಿಚ್ಚುವುದನ್ನು ಮೊಬೈಲ್‌ನಲ್ಲಿ ಚಿತ್ರಿಸಿ. ಸಿಡಿಗಳನ್ನು ಎಣಿಸಿ, ಮುಖದ ಮೇಲಿನ ಸಂಖ್ಯೆಯನ್ನೂ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಹೋಲಿಸಿ. ಪ್ರತಿಯೊಂದರ ಕೊನೆಯ ಟ್ರ್ಯಾಕ್ ನುಡಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತದೆ, ಅಲ್ಯೂಮಿನಿಯಂ ಪದರ ಕೆಡುವ ರೋಗ ಸಾಮಾನ್ಯವಾಗಿ ಅಂಚಿನಿಂದ ಶುರುವಾಗುತ್ತದೆ, ಆದ್ದರಿಂದ ಮೊದಲು ಕೆಡುವುದು ಕೊನೆಯ ಟ್ರ್ಯಾಕ್. ಹಳೆಯ ಸೆಟ್ ಆಗಿದ್ದು, ನಡುತೂತಿನ ಸುತ್ತ ಮೇಡ್ ಇನ್ ಯುಕೆ ಬೈ ಪಿಡಿಓ ಅಂತ ಇದ್ದರೆ ಅಂಚು ಕಂಚಿನ ಬಣ್ಣಕ್ಕೆ ತಿರುಗಿದೆಯಾ ನೋಡಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಆ ಪಿಡಿಓ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಅಚ್ಚಾದ ಎಷ್ಟೋ ಸಿಡಿಗಳಿಗೆ ಈ ರೋಗ ಇದೆ, ವಾಸಿಯಾಗುವುದಿಲ್ಲ. ಆಮೇಲೆ ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ (ತಪ್ಪು ಬಂದರೆ ಮತ್ತೆ ಓದುವ ವಿಧಾನ) ಒಂದೊಂದನ್ನೂ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಆಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬೇರೆಯವರು ಇಳಿಸಿಕೊಂಡದ್ದರ ಜೊತೆ ತಾಳೆ ನೋಡುವ ಆಕ್ಯುರೇಟ್‌ರಿಪ್ ಹೊಂದಿಕೆ ತೋರಿಸಿದರೆ ಬೇರೆಯವರ ಪ್ರತಿಯೂ ನಿಮ್ಮದೂ ಒಂದೇ ಅಂತ ಅರ್ಥ. ದಿನಕ್ಕೆ ಐದು ಇಳಿಸಿದರೆ ಐವತ್ತು ಸಿಡಿಗೆ ಹತ್ತು ಸಂಜೆ ಬೇಕು. ವಾಪಸ್ ಕೊಡುವ ಗಡುವು ಅದಕ್ಕಿಂತ ಕಡಿಮೆ ಇದ್ದರೆ ಕೊನೆಯ ಟ್ರ್ಯಾಕ್‌ಗಳನ್ನು ಮೊದಲ ರಾತ್ರಿಯೇ ಮುಗಿಸಿ.

ಮನೆಯಲ್ಲಿ ದಪ್ಪ ಡಬ್ಬಿಯ ಹಳೆ ಸೆಟ್ ಯಾವುದಾದರೂ ಇದೆಯಾ? ಹೊಸದಕ್ಕೆ ಆರ್ಡರ್ ಹಾಕುವ ಮೊದಲು ಅದನ್ನು ಇವತ್ತೇ ಇಳಿಸಿ ಬಿಚ್ಚಿ. ಫೋಮ್ ಇನ್ನೂ ಒಣಗಿದ್ದರೆ ಬೆರಳಲ್ಲೇ ಎದ್ದು ಬರುತ್ತದೆ.